ಬೂದನ ಎಡಗಣ್ಣು

ಇವತ್ತು ಬೆಳಗ್ಗೆ ಹಾಲು ಸೋಸುವ ಬಟ್ಟೆಯಲ್ಲಿ ಒಂದು ಕೂದಲು ಸಿಕ್ಕಿತು. ಬೆರಳಿನಷ್ಟು ಉದ್ದ, ಬುಡ ಬಿಳುಪು, ತುದಿ ಬೂದಿ ಬಣ್ಣ. ಹಸುವಿನದಲ್ಲ, ಹಸುವಿನ ಕೂದಲು ಮೋಟು, ಒರಟು. ನನ್ನದಲ್ಲ; ನನ್ನ ತಲೆಯಲ್ಲಿ ಉದುರುವುದಕ್ಕೆ ಈಗ ಹೆಚ್ಚೇನೂ ಉಳಿದಿಲ್ಲ. ನನ್ನ ಹೆಂಡತಿ ಮುನಿರತ್ನಮ್ಮನದಂತೂ ಅಲ್ಲವೇ ಅಲ್ಲ. ಅವಳು ಎಣ್ಣೆ ಹಾಕಿ ತಲೆ ಕಟ್ಟಿದಳೆಂದರೆ ಸಂಜೆಯವರೆಗೆ ಒಂದು ಎಳೆಯೂ ಜಾಗ ಬಿಟ್ಟು ಕದಲುವುದಿಲ್ಲ. ಅದು ನಮ್ಮ ನಾಯಿ ಬೂದನದು. ಬೂದನ ಕೂದಲು ನಮ್ಮ ಮನೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಅಂಗಿಯ ಜೇಬಿನಲ್ಲಿ, ರಾಗಿ ಹಿಟ್ಟಿನ ಡಬ್ಬದಲ್ಲಿ, ದೇವರ ಪಟದ ಹಿಂದೆ. ಒಂದು ಸಲ ಮದುವೆ ಪತ್ರಿಕೆ ಕೊಡಲು ಬಂದ ನೆಂಟರ ಕಾಫಿ ಲೋಟದಲ್ಲೂ ಸಿಕ್ಕಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಏನ್ ಪಿಳ್ಳಣ್ಣ, ಕುರಿ ಸಾಕಿದೀರಾ?" ಅಂದರು.

"ನಾಯಿ," ಅಂದೆ.

"ಯಾವ ಜಾತಿ?"

ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಏಕೆ ಕೊಡುವುದಿಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಸರವಿದ್ದವರು ಬೇರೆ ಏನಾದರೂ ಓದಿಕೊಳ್ಳಬಹುದು. ಹಾಲು ಡೈರಿಗೆ ಹೋಗಿಯಾಗಿದೆ, ನನಗೇನೂ ಅವಸರವಿಲ್ಲ.

ಸುಗಟೂರಿನಲ್ಲಿ ನಮಗೆ ನಾಲ್ಕು ಸೀಮೆ ಹಸು, ಸ್ವಲ್ಪ ಹಿಪ್ಪುನೇರಳೆ, ರೇಷ್ಮೆ ಹುಳು ಸಾಕುವುದಕ್ಕೆ ಒಂದು ಹುಳು ಮನೆ, ತುಂಡು ಟೊಮೇಟೊ ಹೊಲ ಇವೆ. ಇವುಗಳಲ್ಲಿ ಯಾವುದೂ ತಾನಾಗಿ ಆದದ್ದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬಿಟ್ಟದ್ದಕ್ಕೆ ನನಗೂ ಬೇಜಾರಾಗಲಿಲ್ಲ, ಮೇಷ್ಟ್ರಿಗೂ ಆದ ಹಾಗೆ ಕಾಣಲಿಲ್ಲ. ಅಪ್ಪನಿಗೆ ದನದ ಸಂತೆಗೆ ಜೊತೆ ಬೇಕಿತ್ತು. ಮುಳಬಾಗಿಲು ಕಡೆಯ ಸಂತೆಗಳಿಗೆ ನಾವು ಕತ್ತಲಿರುವಾಗಲೇ ಹೊರಡುತ್ತಿದ್ದೆವು. ನನ್ನ ಚಡ್ಡಿ ಜೇಬಿನಲ್ಲಿ ಹುರಿಗಡಲೆ, ಅಪ್ಪನ ಕಿವಿಯ ಮೇಲೆ ಬೀಡಿ. ಸಂತೆ ಮಾಳ ಹತ್ತಿರ ಬಂತು ಎನ್ನುವುದು ಮೊದಲು ಗೊತ್ತಾಗುತ್ತಿದ್ದದ್ದು ಮೂಗಿಗೆ. ಸಗಣಿ, ಒದ್ದೆ ಹುಲ್ಲು, ಬೋಂಡದ ಎಣ್ಣೆ, ಮೂರೂ ಸೇರಿದ ವಾಸನೆ. ಈಗಲೂ ಎಲ್ಲಾದರೂ ಬೋಂಡ ಕರಿಯುವ ವಾಸನೆ ಬಂದರೆ ನನ್ನ ಕಣ್ಣು ಎತ್ತಿಗಾಗಿ ಹುಡುಕುತ್ತದೆ.

ಅಪ್ಪನಿಗೆ ಮಾತು ಕಡಿಮೆ. ಕಲಿಸುವುದೂ ಹಾಗೇ. ಎತ್ತಿನ ಬಾಯಿ ಬಿಡಿಸಿ ನನ್ನ ಬೆರಳನ್ನು ಹಿಡಿದು ಒಳಗಿಡುತ್ತಿದ್ದ. ಎರಡು ಹಲ್ಲು, ನಾಲ್ಕು ಹಲ್ಲು, ಹಲ್ಲೆಲ್ಲ ಬಂದು ಬಾಯಿ ಕೂಡಿದ್ದು, ದನದ ವಯಸ್ಸು ಬೆರಳಿಗೇ ಗೊತ್ತಾಗಬೇಕು. ಆಮೇಲೆ ಸುಳಿ. ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗ ಹಣೆಯಲ್ಲಿ ಎಲ್ಲಿದೆ, ಬೆನ್ನಲ್ಲಿ ಎಲ್ಲಿದೆ ಅಂತ ನೋಡಬೇಕು. ಕಣ್ಣಿನ ಕೆಳಗಿದ್ದರೆ ಕೊಂಡವರ ಮನೆಯಲ್ಲಿ ಕಣ್ಣೀರು ಅನ್ನುತ್ತಿದ್ದ. ಕೊನೆಗೆ ಕಣ್ಣು. ಪಕ್ಕದಿಂದ ಸದ್ದಿಲ್ಲದೆ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತರಬೇಕು. ರೆಪ್ಪೆ ಬಡಿದರೆ ಸರಿ, ಬಡಿಯದಿದ್ದರೆ ಆ ಕಣ್ಣು ಹೋಗಿದೆ ಎಂದು ಲೆಕ್ಕ. ಕಣ್ಣಿನ ಮೇಲೆ ಬಿಳಿಯ ಪೊರೆ ಬಂದಿದ್ದರೆ ನಮ್ಮ ಕಡೆ ಹೂ ಬಿದ್ದಿದೆ ಅನ್ನುತ್ತಾರೆ. ಅಂಥ ಹಸುವನ್ನು ದಲ್ಲಾಳಿಗಳು ಹೂ ಬಿದ್ದ ಕಣ್ಣು ಗೋಡೆಯ ಕಡೆಗೆ ಬರುವ ಹಾಗೆ ಕಟ್ಟಿರುತ್ತಾರೆ. ಅಪ್ಪ ಯಾವಾಗಲೂ ಮೊದಲು ಗೋಡೆಯ ಕಡೆಗೇ ಹೋಗುತ್ತಿದ್ದ.

ಈಗ ಊರಿನಲ್ಲಿ ಯಾರೇ ಹಸು ಕೊಳ್ಳಲಿ, ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ, ಒಂದು ಟೀ ಕುಡಿಯುತ್ತೇನೆ. ಒಂದು ಸಲ ನಮ್ಮ ಬೀದಿಯವನೊಬ್ಬ ಕೊಂಬಿಗೆ ಎಣ್ಣೆ ಹಚ್ಚಿ ಹಾರ ಹಾಕಿದ್ದ ಹಸುವಿಗೆ ಮನಸೋತ. ಇದು ಒದೆಯುತ್ತದೆ, ಬೇಡ ಅಂದೆ. ಕೇಳಲಿಲ್ಲ. ಈಗ ಅವನ ಹೆಂಡತಿ ಅದರ ಹಿಂಗಾಲು ಕಟ್ಟಿ ಹಾಲು ಕರೆಯುತ್ತಾಳೆ, ಕರೆಯುವಾಗೆಲ್ಲ ನನ್ನ ಹೆಸರು ಹೇಳಿ ಗಂಡನನ್ನು ಬೈಯುತ್ತಾಳೆ. ಇಂಥ ಮಾತು ದಿನಾ ಕಿವಿಗೆ ಬಿದ್ದು ನನ್ನ ತಲೆ ಸ್ವಲ್ಪ ದಪ್ಪವಾಗಿದ್ದರೆ ಅದರಲ್ಲಿ ಊರಿನವರದೂ ಪಾಲಿದೆ.

ಬೂದ ಬಂದದ್ದು ಮಾವಿನ ಕಾಲದಲ್ಲಿ. ಮುನಿರತ್ನಮ್ಮನ ತಮ್ಮ ವೆಂಕಟರವಣನಿಗೆ ಗೌನಿಪಲ್ಲಿಯಲ್ಲಿ ಮಾವಿನ ತೋಪು. ಅವನು ಶ್ರೀನಿವಾಸಪುರದ ಮಂಡಿಗೆ ಕಾಯಿ ಹಾಕಿ, ಖಾಲಿ ಗಾಡಿಯಲ್ಲಿ ನಮ್ಮ ಮನೆಗೆ ಬಂದ. ಅವರ ಊರಿನಲ್ಲಿ ಮನೆಮಾತು ಕನ್ನಡವೋ ತೆಲುಗೋ ಎಂದು ಕೇಳಿದರೆ ಅವನೇ ಯೋಚನೆ ಮಾಡಬೇಕಾಗುತ್ತದೆ.

"ಅಕ್ಕಾ, ಇಟು ಚೂಡು, ಇಲ್ನೋಡು," ಅಂತ ಗಾಡಿಯ ಹಿಂದಿನ ಬಾಗಿಲು ಇಳಿಸಿದ. ಒಳಗೆ ಕಂಬಳಿ ಹೊದ್ದ ಎಲುಬಿನ ಗೂಡಿನಂಥ ಒಂದು ನಾಯಿ. ಬೂದಿ ಬಣ್ಣದ ಬೆನ್ನು, ಬಿಳಿ ಮುಖ, ಬೆನ್ನ ಮೇಲೆ ಸುರುಳಿ ಹಾಕಿದ ಬಾಲ. ನಾಲಿಗೆ ಹೊರಗೆ.

"ತೋತಾಪುರಿ ಕಾಯಿ ಗುಡ್ಡೆ ಹಿಂದೆ ಬಿದ್ದಿತ್ತು ಬಾವಾ. ಯಾರ್ದು ಅಂತ ಇಡೀ ಮಂಡಿ ಕೇಳ್ದೆ, ಯಾರೂ ನಂದು ಅನ್ಲಿಲ್ಲ. ಅಕ್ಕನ ಮನೇಲಿ ಹಾಲಿದೆ ಅಂತ ಹಾಕ್ಕೊಂಡು ಬಂದೆ."

"ಹಾಲು ಡೈರಿಗೆ," ಅಂದೆ. "ಒಂದು ವಾರ ಇರಲಿ. ಆಮೇಲೆ ಬಂದು ತಗೊಂಡು ಹೋಗು."

"ಸರೇ ಬಾವಾ," ಅಂದ. ಅವನು ಸರಿ ಅಂದ ಧಾಟಿಯಲ್ಲೇ ಅವನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಮನೆಗೆ ಯಾವ ಪ್ರಾಣಿ ಬಂದರೂ ನೋಡುವ ಹಾಗೆ ಇದನ್ನೂ ನೋಡಿದೆ. ಬಾಯಿ ಬಿಡಿಸಿ ಬೆರಳಿಟ್ಟೆ. ದನಕ್ಕೆ ಮುಂದುಗಡೆ ಮೇಲಿನ ಹಲ್ಲು ಇರುವುದಿಲ್ಲ, ನಾಯಿಗೆ ಇರುತ್ತವೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಬೆರಳಿಟ್ಟ ಮೇಲೆ ನೆನಪಾಯಿತು ಅಷ್ಟೆ. ಸುಳಿ ಹುಡುಕಿದೆ. ಕೂದಲನ್ನು ಎಷ್ಟು ಸರಿಸಿದರೂ ಕೆಳಗೆ ಇನ್ನೊಂದು ಪದರ ಕೂದಲೇ ಇತ್ತು. ಬಾವಿಯ ಪಾಚಿಯನ್ನು ಕೈಯಲ್ಲಿ ಸರಿಸಿದ ಹಾಗೆ, ತೆಗೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಕಣ್ಣು ನೋಡಿದೆ. ಬಲಗಣ್ಣು ಕಂದು, ಎಡಗಣ್ಣು ತಿಳಿ ನೀಲಿ, ಗಾಜಿನ ಗೋಲಿಯ ಹಾಗೆ.

"ಹೂ ಬಿದ್ದಿದೆ," ಅಂದೆ.

"ಪಾಪ," ಅಂದಳು ಮುನಿರತ್ನಮ್ಮ.

ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಒಳ್ಳೆಯದು ಎನ್ನುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ನಂಬಿಕೆ. ಹಿತ್ತಲಿನ ಗಿಡದಿಂದ ದಿನಾ ಬೆಳಗ್ಗೆ ಹೂ ಕಿತ್ತು, ಕಿವುಚಿ, ಬಟ್ಟೆಯಲ್ಲಿ ಹಿಂಡಿ ಆ ಎಡಗಣ್ಣಿಗೆ ಹನಿ ಹಾಕತೊಡಗಿದೆ. ನಾಯಿ ಸುಮ್ಮನೆ ಹಾಕಿಸಿಕೊಳ್ಳುತ್ತಿತ್ತು. ಮುಗಿದ ಮೇಲೆ ನನ್ನ ಅಂಗಿಗೆ ಮುಖ ಒರೆಸುತ್ತಿತ್ತು. ಹೂ ಇಳಿಯಲಿಲ್ಲ. ಹಳೆಯದಿರಬೇಕು, ನಿಧಾನಕ್ಕೆ ಇಳಿಯುತ್ತದೆ ಎಂದುಕೊಂಡೆ.

ಹೆಸರಿಟ್ಟವಳು ಮುನಿರತ್ನಮ್ಮ. ದನಕ್ಕೆ ಬಣ್ಣ ನೋಡಿ ಹೆಸರಿಡುವ ಹಾಗೆ ಬೂದ ಅಂದಳು. ಅವನು ಆ ಹೆಸರಿಗೆ ತಿರುಗಿ ನೋಡಿದವನಲ್ಲ. ಹಾಗೆ ನೋಡಿದರೆ ಯಾವ ಹೆಸರಿಗೂ ತಿರುಗಿದವನಲ್ಲ. ಸೆಕೆಗೆ ಹುಳು ಮನೆಯ ಬಾಗಿಲಿಗೆ ನಾವು ಒದ್ದೆ ಗೋಣಿಚೀಲ ಇಳಿಬಿಡುತ್ತೇವೆ. ಅದರ ಕೆಳಗೆ, ನೀರು ತೊಟ್ಟಿಕ್ಕುವ ಜಾಗದಲ್ಲಿ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗುತ್ತಿದ್ದ. ಇಡೀ ಮನೆಯಲ್ಲಿ ತಂಪು ಜಾಗ ಯಾವುದು ಎಂದು ಕಟ್ಟಿಸಿದ ನನಗಿಂತ ಮೊದಲು ಅವನಿಗೆ ಗೊತ್ತಾಗಿತ್ತು.

ಅವನು ಬೊಗಳುವುದು ಕಡಿಮೆ. ಊಳಿಡುತ್ತಿದ್ದ. ಊಳು ಎಂದರೆ ಬೀದಿನಾಯಿಯ ಊಳಲ್ಲ. ಏರಿಸಿ ಇಳಿಸಿ, ನಡುವೆ ಗೊಣಗಿ, ಮತ್ತೆ ಏರಿಸಿ, ಯಾರೋ ವಾದ ಮಾಡುತ್ತಿರುವ ಹಾಗೆ. ಮುನಿರತ್ನಮ್ಮ "ಅಲ್ಲೋ, ತೊಳೆದ ಕಲ್ಲಿನ ಮೇಲೆ ಮಲಗ್ತೀಯಲ್ಲೋ, ಬುದ್ಧಿ ಇದೆಯೇನೋ ನಿಂಗೆ?" ಅಂದರೆ ಅವನು ತಲೆ ಎತ್ತಿ ಅಷ್ಟೇ ಉದ್ದದ ಉತ್ತರ ಕೊಡುತ್ತಿದ್ದ. ಅವಳು ಇನ್ನೊಂದು ಹೇಳುತ್ತಿದ್ದಳು. ಅವನೂ ಹೇಳುತ್ತಿದ್ದ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ನಾನು ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆ ನೋವಿರಬೇಕು ಅಂತ ಒಂದು ದಿನ ಹೇಳಿದೆ.

"ಹೊಟ್ಟೆ ನೋವೂ ಇಲ್ಲ, ಏನೂ ಇಲ್ಲ," ಅಂದಳು. "ಮಾತಾಡ್ತಾನೆ. ಈ ಮನೇಲಿ ನನ್ನ ಮಾತಿಗೆ ಮರುಮಾತು ಕೊಡೋನು ಇವನೊಬ್ಬನೇ. ನೀವಂತೂ ಊಂ ಅನ್ನಲ್ಲ."

ನಾನು ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟೆ. ವಾರ ಯಾವಾಗ ಕಳೆಯಿತು ಎಂದು ಯಾರೂ ಕೇಳಲಿಲ್ಲ.

ಡೈರಿ ನಮ್ಮ ಮನೆಯಿಂದ ಒಂದು ಬೀದಿ ಆಚೆ. ಹಾಲಿನ ಕ್ಯಾನನ್ನು ಸಣ್ಣ ಚಕ್ರದ ಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋಗುತ್ತೇನೆ. ಬಂದಾಗ ಕಾಣುತ್ತಿದ್ದ ಎಲುಬೆಲ್ಲ ಮುಚ್ಚಿ ಮೈ ತುಂಬಿಕೊಂಡಿದ್ದ ಬೂದನೂ ಒಂದು ಸಂಜೆ ಜೊತೆಗಿದ್ದ. ದಾರಿಯಲ್ಲಿ ಲುಂಗಿ ಬಿಗಿಯಲು ಎರಡೂ ಕೈ ಬೇಕಾಯಿತು. ಅವನ ಹಗ್ಗವನ್ನು ಗಾಡಿಯ ಹಿಡಿಗೆ ಸಿಕ್ಕಿಸಿದೆ. ಲುಂಗಿ ಬಿಗಿದು ತಲೆ ಎತ್ತುವಷ್ಟರಲ್ಲಿ ಗಾಡಿ ಇರಲಿಲ್ಲ. ಬೂದ ತಲೆ ತಗ್ಗಿಸಿ, ಎದೆ ಕೊಟ್ಟು, ಗಾಡಿ ಎಳೆದುಕೊಂಡು ಹೋಗುತ್ತಿದ್ದ. ಕ್ಯಾನಿನ ಮುಚ್ಚಳ ತಾಳ ಹಾಕುತ್ತಿತ್ತು. ನಾನು ಹಿಂದೆ ಓಡುತ್ತಿದ್ದೆ. ಡೈರಿಯ ಮುಂದೆ ಸಾಲಾಗಿ ನಿಂತಿದ್ದವರು ದಾರಿ ಬಿಟ್ಟರು. ಹಾಲು ಮಾತ್ರ ಚೆಲ್ಲಿರಲಿಲ್ಲ, ಅದನ್ನು ಹೇಳಲೇಬೇಕು.

"ಪಿಳ್ಳಣ್ಣ, ಎತ್ತು ಮಾರಿ ನಾಯಿ ಕಟ್ಟಿದ್ಯೇನೋ?" ಅಂದ ನಾಗರಾಜ. ಅವನು ನಮ್ಮ ಡೈರಿಯ ಸೆಕ್ರೆಟರಿ. ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಕೂತವನು, ಆಮೇಲೆ ತಾನೊಬ್ಬನೇ ಕೂತವನು. "ಇದು ಹಿಮದ ಮೇಲೆ ಗಾಡಿ ಎಳೆಯೋ ಜಾತಿ ಕಣೋ. ಹಸ್ಕಿ. ಕೋಲಾರದಲ್ಲಿ ಒಬ್ರು ಸಾಕಿದಾರೆ, ನೋಡಿದೀನಿ. ನೀಲಿ ಕಣ್ಣಿದ್ರೆ ಹಸ್ಕಿನೇ."

ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಪ್ರಾಣಿ ನನ್ನದು, ಜಾತಿ ಹೇಳಿದವನು ಇನ್ನೊಬ್ಬ. ಇಂಥದ್ದು ನಮ್ಮ ಊರಿನಲ್ಲಿ ಹಿಂದೆ ನಡೆದಿರಲಿಲ್ಲ.

"ಅದು ನೀಲಿ ಕಣ್ಣಲ್ಲ. ಹೂ ಬಿದ್ದಿರೋದು," ಅಂದೆ. "ಕಾಯಿಲೆ ಕಣ್ಣು ನೋಡಿ ಜಾತಿ ಹೇಳ್ತಾರೇನೋ? ಮೂಳೆ ನೋಡ್ಬೇಕು."

ನಾಗರಾಜ ಫೋನು ತೆಗೆದು, ಹಿಮದಲ್ಲಿ ಗಾಡಿ ಎಳೆಯುವ ನಾಯಿಗಳ ಫೋಟೋ ತೋರಿಸಿದ. ಒಂದು ಹಸ್ಕಿ, ಸಪೂರ ಮೈ. ಎರಡನೆಯದು ಅದರ ಹಾಗೇ ಇದ್ದರೂ ದೊಡ್ಡದು, ದಪ್ಪ ಕಾಲು, ಅಗಲ ಎದೆ. ಮೂರನೆಯದು ಪೂರ್ತಿ ಬಿಳಿ, ಹತ್ತಿಯ ಉಂಡೆ. ನಾನು ಕನ್ನಡಕ ಇಲ್ಲದೆ ನೋಡಿದೆ.

"ಎರಡನೇದು," ಅಂದೆ. "ಹಸ್ಕಿ ಅಂದ್ಯಲ್ಲ, ಅದು ಓಡೋ ಎತ್ತು ಇದ್ದ ಹಾಗೆ. ಇವನು ಬಾವಿಯಿಂದ ನೀರೆತ್ತೋ ಕಪಿಲೆ ಎಳೆಯೋ ಎತ್ತು. ಕಾಲು ನೋಡು, ಕಂಬ. ಕತ್ತು ಕೈಗೆ ಸಿಗಲ್ಲ."

"ಎರಡನೇದು ಮಲಮ್ಯೂಟ್ ಅಂತ."

"ಅದೇ."

"ಹಾಲಾದ್ರೆ ಮಿಷನ್‌ಗೆ ಹಾಕಿ ಫ್ಯಾಟ್ ಹೇಳ್ಬಿಡ್ತಿದ್ದೆ," ಅಂದ ನಾಗರಾಜ. "ನಾಯಿಗೆ ಮಿಷನ್ ಇಲ್ವಲ್ಲಪ್ಪ."

"ತೂಗಿಬಿಡು."

ಬೂಸಾ ಮೂಟೆ ತೂಗುವ ಮಿಷನ್ನಿನ ಮೇಲೆ ಬೂದನನ್ನು ಹತ್ತಿಸಿದೆವು. ಮುಕ್ಕಾಲು ಮೂಟೆಯಷ್ಟು ಬಂದ. ನಾಗರಾಜ ಫೋನಿನಲ್ಲಿ ಏನೋ ಓದಿ, ಹಸ್ಕಿ ಇಷ್ಟು ತೂಗುವುದಿಲ್ಲವಂತೆ ಎಂದು ಒಪ್ಪಿಕೊಂಡ. "ಆಯ್ತಪ್ಪ, ನೀನು ಹೇಳಿದ್ದೇ ಸರಿ." ಅವತ್ತು ಸಂಜೆ ನಾನು ಖಾಲಿ ಕ್ಯಾನು ತಳ್ಳಿಕೊಂಡು ಬಳಸು ದಾರಿಯಿಂದ ಮನೆಗೆ ಬಂದೆ. ದಾರಿಯಲ್ಲಿ ಸಿಕ್ಕವರೆಲ್ಲ ಜಾತಿ ಕೇಳಿದರು. ಹೇಳಿದೆ.

ಇದಾಗಿ ಸ್ವಲ್ಪ ದಿನಕ್ಕೆ, ಬೆಳಗಿನ ಹಾಲು ಹಾಕುವಾಗ ನಾಗರಾಜ ಮತ್ತೆ ಫೋನು ಹಿಡಿದ. ಮಾಲೂರಿನಲ್ಲಿ ಯಾರದೋ ನಾಯಿ ಕಾಣೆಯಾಗಿದೆ. ಬೂದಿ ಬಿಳಿ ಬಣ್ಣ. ಮಲಮ್ಯೂಟ್. ಯಾರೋ ಗಾಡಿಯಲ್ಲಿ ಎತ್ತಿಕೊಂಡು ಹೋಗಿರಬಹುದು, ಸಿಕ್ಕಿದವರು ದಯವಿಟ್ಟು ಫೋನು ಮಾಡಿ ಅಂತ ಇತ್ತು.

"ನೀನೇ ಹೇಳಿದ್ದಲ್ವಾ," ಅಂದ ನಾಗರಾಜ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಫೋನ್ ಮಾಡ್ಲಾ?"

ಮನೆಗೆ ಬಂದು ವಿಷಯ ಹೇಳಿದೆ. ಮುನಿರತ್ನಮ್ಮ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ನಿಂತಿತು.

"ನಮ್ದು ಹಸ್ಕಿ," ಅಂದಳು.

"ಅಲ್ಲ."

"ಊರೆಲ್ಲಾ ಮೊದಲು ಹಸ್ಕಿ ಅಂತಲೇ ಅಂದಿದ್ದು."

"ಊರಿಗೇನು ಗೊತ್ತು."

"ನಿಮಗೇನು ಗೊತ್ತು? ನೀವು ಹಸು ನೋಡಿದೋರು. ನಾಗರಾಜಂಗೆ ಒಂದು ಮಾತು ಹೇಳಿ. ಸರಿಯಾಗಿ ನೋಡಿರ್ಲಿಲ್ಲ, ಹಸ್ಕಿನೇ ಇರ್ಬೇಕು ಅನ್ನಿ. ಫೋನ್ ಮಾಡೋದು ಬಿಡ್ತಾನೆ. ಅಷ್ಟಕ್ಕೆ ನಿಮ್ಮ ನಾಲಿಗೆ ಏನೂ ಸವೆದು ಹೋಗಲ್ಲ."

ನಾನು ಹೇಳಲಿಲ್ಲ. ಯಾರದೋ ನಾಯಿಯನ್ನು ಜಾತಿ ಮರೆಸಿ ಇಟ್ಟುಕೊಳ್ಳುವುದಕ್ಕೂ ಹೂ ಬಿದ್ದ ಕಣ್ಣನ್ನು ಗೋಡೆಯ ಕಡೆಗೆ ತಿರುಗಿಸಿ ಹಸು ಮಾರುವುದಕ್ಕೂ ವ್ಯತ್ಯಾಸವಿಲ್ಲ. ಇದು ಒಳ್ಳೆಯ ಕಾರಣ. ಆದರೆ ನನ್ನ ಮನಸ್ಸಿಗೆ ಮೊದಲು ಬಂದ ಕಾರಣ ಇದಲ್ಲ. ಅಷ್ಟು ಜನರ ಮುಂದೆ ತೂಗಿಸಿದ ಮೇಲೆ ಮಾತು ಬದಲಾಯಿಸುವುದು ಹೇಗೆ ಎಂಬುದು ಮೊದಲು ಬಂತು.

ಸಂಜೆ ನಾಗರಾಜನಿಗೆ ಫೋನು ಮಾಡು ಅಂದೆ. ಮಾಲೂರಿನವರು ಭಾನುವಾರ ಬರುತ್ತೇವೆ ಅಂದರು. ಅಲ್ಲಿಯವರೆಗೆ ಮುನಿರತ್ನಮ್ಮ ನನ್ನ ಜೊತೆ ಮಾತು ಬಿಟ್ಟಳು. ಹೇಳುವುದೆಲ್ಲ ನಾಯಿಗೆ ಹೇಳುತ್ತಿದ್ದಳು. "ಬೂದಾ, ಮುದ್ದೆ ಆಗಿದೆ, ಬೇಕಾದೋರು ಬಂದು ತಿನ್ಲಿ ಅಂತ ಹೇಳೋ." ಬೂದ ನನ್ನ ಕಡೆ ತಿರುಗಿ ಊಳಿಡುತ್ತಿದ್ದ. ನಾನು ಹೋಗಿ ತಿನ್ನುತ್ತಿದ್ದೆ. ಶನಿವಾರ ಅವಳು ಅವನಿಗೂ ಏನೂ ಹೇಳಲಿಲ್ಲ. ಅವನು ಸುಮ್ಮನೆ ಅವಳ ಹಿಂದೆ ಸೊಪ್ಪಿನ ತೋಟಕ್ಕೆ ಹೋದ, ಸುಮ್ಮನೆ ಬಂದ. ಮನೆ ಎಷ್ಟು ಸಪ್ಪಳವಿಲ್ಲದ್ದು ಎಂದು ನನಗೆ ಅವತ್ತು ಗೊತ್ತಾಯಿತು.

ಭಾನುವಾರ ವೆಂಕಟರವಣನೂ ಗೌನಿಪಲ್ಲಿಯಿಂದ ಬಂದು ಜಗುಲಿಯಲ್ಲಿ ಕೂತ. "ನಾಯಿ ತಂದಿದ್ದು ನಾನು ಬಾವಾ, ಕೊಡಕ್ಕೆ ನೀನ್ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೂದನಿಗೆ ಒಂದು ನೀಲಂ ಮಾವಿನ ಹಣ್ಣು ಹಾಕಿದ. ಬೂದ ಓಟೆಯನ್ನೂ ಚೀಪಿ ನೆಲದ ಮೇಲಿಟ್ಟ. ಅದು ಅವನಿಗೆ ಅಭ್ಯಾಸವಾದ ಕೆಲಸ ಎಂದು ನೋಡಿದರೆ ತಿಳಿಯುತ್ತಿತ್ತು.

ಬಂದವರ ಹೆಸರು ಗೋಪಾಲಪ್ಪ. ಮಾಲೂರಿನಲ್ಲಿ ಇಟ್ಟಿಗೆ ವ್ಯಾಪಾರ, ಹೆಚ್ಚುಕಡಿಮೆ ನನ್ನ ವಯಸ್ಸು. ಒಬ್ಬರೇ ಬಂದಿದ್ದರು. ಕೈಯಲ್ಲಿದ್ದ ಚೀಲದಲ್ಲಿ ಒಂದು ಚೈನು, ಒಂದು ಸ್ಟೀಲು ತಟ್ಟೆ, ಕಬ್ಬಿಣದ ಹಲ್ಲಿನ ಒಂದು ಬಾಚಣಿಗೆ. ಕಾರಿನ ಹಿಂದಿನ ಸೀಟಿನ ಮೇಲೆ ಹಳೆಯ ಬೆಡ್‌ಶೀಟ್ ಮಡಿಸಿ ಹಾಸಿದ್ದರು. ಅದನ್ನು ನೋಡಿದ ಮೇಲೆ ಮುನಿರತ್ನಮ್ಮ ಕಾಫಿಗೆ ನೀರಿಡಲು ಒಳಗೆ ಹೊರಟವಳು ಬಾಗಿಲಲ್ಲೇ ನಿಂತಳು.

"ರಾಕೀ," ಎಂದು ಗೇಟಿನಿಂದಲೇ ಕರೆದರು ಗೋಪಾಲಪ್ಪ. ಗೋಣಿಚೀಲದ ಕೆಳಗೆ ಮಲಗಿದ್ದ ಬೂದ ಅಲ್ಲಾಡಲಿಲ್ಲ. ಹತ್ತಿರ ಹೋಗಿ ಮೆತ್ತಗೆ ಇನ್ನೊಂದು ಸಲ ಕರೆದರು. ಬೂದ ಒಂದು ಕಣ್ಣು ತೆರೆದ. ಎಡಗಣ್ಣು.

"ಅಲ್ಲ," ಅಂದರು ಗೋಪಾಲಪ್ಪ, ತಮಗೆ ತಾವೇ. "ಇವನಲ್ಲ."

ಅಲ್ಲಿಗೆ ಎಲ್ಲ ಮುಗಿದಿತ್ತು. ನಾಯಿ ನಮ್ಮಲ್ಲೇ ಉಳಿಯಿತು. ನಾನು ಮಾಡಬೇಕಾಗಿದ್ದದ್ದು ಇಷ್ಟೇ, ಇನ್ನು ಎರಡು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲುವುದು. ಬೇರೆ ದಿನಗಳಲ್ಲಿ ದಿನವಿಡೀ ಮುಚ್ಚಿಕೊಂಡೇ ಇರುವ ಬಾಯಿ ಅದು.

"ಅದು ಹೆಂಗೆ ಅಲ್ಲ ಅಂತೀರಿ?" ಅಂದೆ. "ಸರಿಯಾಗಿ ನೋಡಿ ಸ್ವಾಮಿ."

ಮುನಿರತ್ನಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ಬರೆಯಲಾರೆ.

"ನಮ್ದು ಮಲಮ್ಯೂಟ್ ಅಣ್ಣ. ಇದು ಹಸ್ಕಿ."

"ಇದೂ ಮಲಮ್ಯೂಟೇ. ತೂಗಿದೀವಿ."

"ನೋರು ಮೂಸ್ಕೋ ಬಾವಾ," ಎಂದು ವೆಂಕಟರವಣ ತೆಲುಗಿನಲ್ಲಿ ಪಿಸುಗುಟ್ಟಿದ, ಬಾಯಿ ಮುಚ್ಚು ಅಂತ. ಮಾಲೂರಿನವರಿಗೂ ತೆಲುಗು ಬರುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಗೋಪಾಲಪ್ಪ ಅವನ ಕಡೆ ನೋಡಿ, ನನ್ನ ಕಡೆ ನೋಡಿ, ಚೀಲ ಕೆಳಗಿಟ್ಟರು.

"ಈ ಕಣ್ಣು ನೋಡಿ ಅಣ್ಣ. ನಮ್ಮ ಜಾತೀಲಿ ಎರಡೂ ಕಣ್ಣು ಕಂದೇ. ನೀಲಿ ಬರಲ್ಲ. ಹಸ್ಕಿಗೆ ಬರ್ತದೆ, ಒಂದಕ್ಕೆ ಬಂದು ಒಂದಕ್ಕೆ ಬರದೇ ಇರೋದೂ ಉಂಟು. ಹುಟ್ಟಿದಾಗಿಂದ ಹಂಗೇ."

"ಅದು ಹೂ ಬಿದ್ದಿರೋದು. ಔಷಧಿ ಹಾಕ್ತಾ ಇದೀನಿ."

"ಏನು ಔಷಧಿ?"

"ನಂದಿಬಟ್ಟಲು ರಸ."

ಗೋಪಾಲಪ್ಪ ಬೂದನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ಅಂಗೈಯಲ್ಲಿ ಅವನ ಬಲಗಣ್ಣನ್ನು ಮುಚ್ಚಿ, ಇನ್ನೊಂದು ಕೈಯನ್ನು ಎಡಗಣ್ಣಿನ ಪಕ್ಕದಿಂದ ಸದ್ದಿಲ್ಲದೆ ತಂದರು. ಬೂದನ ರೆಪ್ಪೆ ಪಟ್ಟನೆ ಬಡಿಯಿತು.

ನಮ್ಮಪ್ಪ ನನಗೆ ಕಲಿಸಿದ್ದು ಅದೇ. ಸಂತೆಯಲ್ಲಿ ಕಂಡ ಹಸುಗಳಿಗೆಲ್ಲ ನಾನು ಅದನ್ನೇ ಮಾಡಿದ್ದೆ. ದಿನಾ ಬೆಳಗ್ಗೆ ಈ ಕಣ್ಣಿನ ರೆಪ್ಪೆ ಎತ್ತಿ ಹನಿ ಹಾಕುತ್ತಿದ್ದವನು ಒಂದು ದಿನವೂ ಅಂಗೈ ಆಡಿಸಿ ನೋಡಿರಲಿಲ್ಲ. ಹೂ ಬಿದ್ದಿದೆ ಎಂದು ಹೇಳಿಯಾಗಿತ್ತಲ್ಲ, ಇನ್ನು ನೋಡುವುದು ಏನು ಎಂದು.

"ಕಣ್ಣು ಹೋಗ್ಲಿ," ಅಂದೆ. "ಮೂಳೆ?"

ಗೋಪಾಲಪ್ಪ ಬೂದನ ಪಕ್ಕೆಗೆ ಬೆರಳು ಹಾಕಿದರು. ಬೆರಳು ಒಳಗೊಳಗೆ ಹೋಯಿತು. "ಎಲ್ಲಿದೆ ಮೂಳೆ? ಸಿಗ್ತಾನೇ ಇಲ್ವಲ್ಲ. ಏನು ಹಾಕ್ತೀರಿ ಇವನಿಗೆ?"

"ಬೆಳಗ್ಗೆ ಒಂದು ಮುದ್ದೆ, ಸಂಜೆ ಒಂದು ಮುದ್ದೆ," ಅಂದಳು ಮುನಿರತ್ನಮ್ಮ ಬಾಗಿಲಿನಿಂದ. "ಮೊಸರು ಕಲಸಿ. ಅಷ್ಟೇ."

"ನಾನು ಬಂದಾಗ ಒಂದೆರಡು ಹಣ್ಣು," ಅಂದ ವೆಂಕಟರವಣ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿತ್ತಲ ಕಡೆ ನೋಡಿದೆ. ಹಾಲು ಕರೆದ ಕೂಡಲೇ ಬಿಸಿ ನೊರೆ ಇರುವಾಗ, ಕ್ಯಾನಿಗೆ ಸುರಿಯುವ ಮುಂಚೆ, ಕೊಟ್ಟಿಗೆಯ ಹಿಂದೆ ಒಂದು ಬೋಗುಣಿ ಇಡುತ್ತಿದ್ದೆ. ಎಲುಬು ಕಾಣುತ್ತಿದ್ದ ದಿನಗಳಲ್ಲಿ ಶುರುವಾದದ್ದು. ಕೆಂದ ಹಸು ಕರು ಹಾಕಿದಾಗ ಗಿಣ್ಣದ ಹಾಲನ್ನೂ ಇಟ್ಟಿದ್ದೆ.

"ಡೈರೀಲಿ ಹಾಲು ಕಮ್ಮಿ ಬರ್ತಿದೆ, ಹಿಂಡಿ ಸರಿಯಿಲ್ಲ ಅಂತ ಇವರು ಅಂಗಡಿಯವನ ಜೊತೆ ಜಗಳ ಆಡಿ ಬಂದ್ರು," ಅಂದಳು ಮುನಿರತ್ನಮ್ಮ ಗೋಪಾಲಪ್ಪನಿಗೆ. ಒಂದು ವಾರದಿಂದ ಅವಳು ನಾಯಿಗಲ್ಲದೆ ಮನುಷ್ಯರಿಗೆ ಹೇಳಿದ ಮೊದಲ ಉದ್ದದ ಮಾತು ಅದು.

ಗೋಪಾಲಪ್ಪ ನಕ್ಕರು. ನಗುತ್ತಾ ನಗುತ್ತಾ ಬೂದನ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟರು. ಕಾಫಿ ಬಂತು. ಕುಡಿದು ಲೋಟ ಕೆಳಗಿಟ್ಟ ಮೇಲೂ ಏಳಲಿಲ್ಲ. ಅವರ ಕೈ ತಾನಾಗಿ ಚೀಲದಿಂದ ಬಾಚಣಿಗೆ ತೆಗೆದು ಬೂದನ ಬೆನ್ನನ್ನು ಬಾಚತೊಡಗಿತು. ಒಳಪದರದ ಬಿಳಿ ಕೂದಲು ಹಿಡಿ ಹಿಡಿಯಾಗಿ ಬಂತು. ಬೂದ ಕಣ್ಣು ಮುಚ್ಚಿ, ಯಾವುದೋ ಉದ್ದದ ಮಾತನ್ನು ಗಂಟಲಲ್ಲೇ ಹೇಳಿಕೊಂಡ.

"ನಮ್ಮೋನೂ ಹಿಂಗೇ ಗೊಣಗ್ತಾನೆ," ಅಂದರು. "ಎಲ್ಲಿದಾನೋ. ಯಾರ ಮನೇಲಾದ್ರೂ ಮುದ್ದೆ ತಿಂತಾ ಇದ್ರೆ ಸಾಕು."

ಹೊರಡುವಾಗ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟರು. "ಸೆಕೆಗೆ ಒಳಗಿನ ಕೂದಲು ತೆಗೀತಾ ಇರಿ, ಇಲ್ದಿದ್ರೆ ಕಷ್ಟ ಪಡ್ತಾನೆ. ಇಟ್ಕೊಳ್ಳಿ. ನಮ್ಮೋನು ಸಿಕ್ಕಿದ್ರೆ ಬಂದು ತಗೊಂಡು ಹೋಗ್ತೀನಿ." ಕಾರು ಹತ್ತುವ ಮುಂಚೆ ಹಿಂದಿನ ಬಾಗಿಲು ತೆಗೆದು, ಹಾಸಿದ್ದ ಬೆಡ್‌ಶೀಟ್ ಹಾಗೇ ಇದೆಯೇ ಎಂದು ನೋಡಿ, ಮತ್ತೆ ಮುಚ್ಚಿದರು.

ಸಂಜೆ ಡೈರಿಯಲ್ಲಿ ನಾಗರಾಜ ಹಾಲು ಅಳೆಯುತ್ತಾ ಕೇಳಿದ.

"ಏನಾಯ್ತು?"

"ಅವರದ್ದಲ್ಲ."

"ಹಂಗಾದ್ರೆ ಹಸ್ಕಿ ಅಂತಾಯ್ತು."

"ಅವರದ್ದಲ್ಲ ಅಂದೆ."

ಅವನು ಮುಂದೆ ಕೇಳಲಿಲ್ಲ. ಹಾಲಿನ ಅಳತೆ ಅವತ್ತಿನಿಂದ ಸರಿಯಾಗಿ ಬರತೊಡಗಿದ್ದನ್ನು ಮಾತ್ರ ಗಮನಿಸಿದ. ಗಮನಿಸಿದ ಎಂದು ಅವನ ಮೀಸೆಯಿಂದ ಗೊತ್ತಾಯಿತು.

ಊರಿನವರು ಈಗಲೂ ನನ್ನನ್ನು ಹಸು ನೋಡಲು ಕರೆಯುತ್ತಾರೆ. ಈಗಲೂ ಹೋಗುತ್ತೇನೆ, ಹೇಳುತ್ತೇನೆ, ಟೀ ಕುಡಿಯುತ್ತೇನೆ. ಹೂ ಬಿದ್ದಿದೆ ಎನ್ನುವ ಮುಂಚೆ ಅಂಗೈ ಆಡಿಸುತ್ತೇನೆ. ಬೂದನಿಗೆ ಈಗ ಒಂದೇ ಮುದ್ದೆ. ಹೊಟ್ಟೆ ಕರಗಿ, ಕೆಳಗಿನಿಂದ ಸಪೂರ ಮೈಯ ಒಂದು ನಾಯಿ ಹೊರಬಂದಿದೆ. ಮುನಿರತ್ನಮ್ಮ ನನ್ನ ಜೊತೆ ಮಾತಾಡುತ್ತಾಳೆ, ಅವನ ಜೊತೆ ಹೆಚ್ಚು ಮಾತಾಡುತ್ತಾಳೆ. ನಾನೂ ಆಗಾಗ ಊಂ ಅನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಸ್ಪರ್ಧೆ ಇದೆ ನೋಡಿ.

ಕೆಲಸವಿದ್ದಾಗ ಮಾಲೂರಿಗೆ ಹೋಗುತ್ತಿರುತ್ತೇನೆ. ಈಚೆಗೆ ಅಲ್ಲಿ ಒಂದು ಕಬ್ಬಿಣದ ಅಂಗಡಿಯ ಮುಂದೆ ಬೂದಿ ಬಣ್ಣದ ದೊಡ್ಡ ನಾಯಿಯೊಂದನ್ನು ಕಟ್ಟಿದ್ದರು. ಗಾಡಿ ನಿಲ್ಲಿಸಿ, ಹೋಗಿ, ಬಗ್ಗಿ ನೋಡಿದೆ. ಒಂದು ಕಣ್ಣು ಕಂದು. ಇನ್ನೊಂದು ಕಡೆಗೂ ಹೋಗಿ ನೋಡಿದೆ. ಅದೂ ಕಂದು.

"ಏನ್ ಹುಡುಕ್ತಿದೀರಿ ಯಜಮಾನ್ರೆ?" ಅಂದ ಅಂಗಡಿಯವನು.

"ರಾಕೀ," ಅಂದೆ ನಾಯಿಗೆ. ಅದು ಆಕಳಿಸಿತು. ಮರಿಯಿಂದ ಅವನೇ ಸಾಕಿದ್ದಂತೆ, ಹೆಸರು ಬೇರೆ ಏನೋ ಹೇಳಿದ.

ಗೋಪಾಲಪ್ಪನವರ ಬಾಚಣಿಗೆ ಕೊಟ್ಟಿಗೆಯ ಗೋಡೆಯ ಮೊಳೆಗೆ ತೂಗಿದೆ. ವಾರಕ್ಕೊಮ್ಮೆ ಬೂದನನ್ನು ಕೂರಿಸಿಕೊಂಡು ಬಾಚುತ್ತೇನೆ. ಗುಡ್ಡೆ ಬಿದ್ದ ಕೂದಲನ್ನು ಗುಬ್ಬಿಗಳು ಬಂದು ಎತ್ತಿಕೊಂಡು ಹೋಗುತ್ತವೆ, ಉಳಿದದ್ದು ಹೇಗೋ ಹಾಲಿನ ಬಟ್ಟೆಗೆ ಬರುತ್ತದೆ. ಆದರೆ ಬಾಚಣಿಗೆಯ ಹಲ್ಲಿನಲ್ಲಿ ಅವನ ಒಂದು ಕೂದಲೂ ಉಳಿಯದ ಹಾಗೆ ತೊಳೆದು, ಒರೆಸಿ, ಮತ್ತೆ ಮೊಳೆಗೆ ಹಾಕುತ್ತೇನೆ. ಅದು ಬೇರೆ ಜಾತಿಯ ನಾಯಿಯದು.